4 ಪರ್ಸೆಂಟ್ ಸಾಮಿ ಆದವನಿಗೆ ಹಿಮಸಾರಂಗ ಫ್ರೀ ಸಿಗುತ್ತದಾ?

ಪ್ರಶ್ನೆ: ನಾನು ದಾವಣಗೆರೆಯವನು. ಆನ್‌ಲೈನ್ ಗೇಮ್ ಆಡುತ್ತಾ ಗೆಳೆಯರಾದ ಏಳೆಂಟು ಜನರ ಗುಂಪು ನಮ್ಮದು. ಉಳಿದವರೆಲ್ಲ ಅಮೆರಿಕದ ಮಿನ್ನೆಸೋಟ, ಫಿನ್‌ಲೆಂಡ್, ನಾರ್ವೆ ಕಡೆಯವರು. ಮುಂದಿನ ವರ್ಷ ಎಲ್ಲರೂ ಒಂದು ಕಡೆ ಸೇರೋಣ ಅಂತ ಊರು ಹುಡುಕುತ್ತಿದ್ದೆವು. ಒಬ್ಬ ನಾರ್ವೆಯ ಹೆಲ್ ಅನ್ನೋ ಊರಿಗೆ ಓಟು ಹಾಕಿದ, ಇನ್ನೊಬ್ಬ ಫಿನ್‌ಲೆಂಡಿನ ಸಾಂಟಾ ಊರು ರೊವಾನಿಯೆಮಿ ಅಂದ. ಅಷ್ಟರಲ್ಲಿ ಮಿನ್ನೆಸೋಟದವನ ಡಿಎನ್‌ಎ ಟೆಸ್ಟ್ ಬಂತು, 4 ಪರ್ಸೆಂಟ್ ಸಾಮಿ (ಉತ್ತರ ಯುರೋಪಿನ ಮೂಲನಿವಾಸಿ ಜನ) ಅಂತೆ, ಮುತ್ತಜ್ಜಿ ಕಡೆಯಿಂದ ಬಂದಿರಬೇಕು ಅಂದ. ಸರಿ, ಎಲ್ಲರೂ ಶುರು ಮಾಡಿದೆವು: ನಿನಗೆ ಹಿಮಸಾರಂಗ ಫ್ರೀ, ನಿನಗೆ ಹೋಟೆಲ್ ಬೇಡ ಟೆಂಟ್ ಸಾಕು, ಟೋಪಿ ಎಲ್ಲಿ ಅಂತ. ನಾನೂ "ಇನ್ಮೇಲೆ ಇವನು ಸಾಮಿ, ಶಬರಿಮಲೆಗೆ ಕರ್ಕೊಂಡು ಹೋಗ್ತೀನಿ" ಅಂದೆ, ಯಾರಿಗೂ ಅರ್ಥ ಆಗಲಿಲ್ಲ. ಆದರೆ ಗುಂಪಿನಲ್ಲಿರುವ ಉತ್ತರ ನಾರ್ವೆಯ ಆಲ್ಟಾ ಊರಿನ ಗೆಳತಿ ಆವತ್ತಿಂದ ಮಾತೇ ಆಡಲಿಲ್ಲ. ಅವಳ ಅಮ್ಮನ ಮನೆಯವರು ಸಾಮಿ ಅಂತ ಆಮೇಲೆ ಬೇರೆಯವರಿಂದ ಗೊತ್ತಾಯಿತು. ಆ 4 ಪರ್ಸೆಂಟ್ ನಿಜವಾ? ಅವನು ಸಾಮಿ ಆಗುತ್ತಾನಾ? ನಾವು ಮಾಡಿದ ತಮಾಷೆ ತಪ್ಪಾ? ಹೋಗುವುದಾದರೆ ಎಲ್ಲಿಗೆ ಹೋಗಬೇಕು?

ಉತ್ತರ: ಮೊದಲು ಚಿಕ್ಕ ಉತ್ತರ ಕೊಟ್ಟುಬಿಡುತ್ತೇನೆ, ಮಿಕ್ಕಿದ್ದನ್ನು ಪುರುಸೊತ್ತಾದಾಗ ಓದಿ. ಆ 4 ಪರ್ಸೆಂಟ್ ನಿಜ ಇರಬಹುದು, ಇಲ್ಲದೆಯೂ ಇರಬಹುದು. ಎರಡರಲ್ಲಿ ಯಾವುದಾದರೂ ಅವನು ಅಷ್ಟರಿಂದಲೇ ಸಾಮಿ ಆಗುವುದಿಲ್ಲ. ಹಿಮಸಾರಂಗ ಹಾಗಿರಲಿ, ಅದರ ಒಂದು ಕೊಂಬೂ ಸಿಗುವುದಿಲ್ಲ. ತಮಾಷೆ ಮಾಡಿದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ನೀವು ಕಾಲೆಳೆದದ್ದು ಮಿನ್ನೆಸೋಟದವನದು, ನೋವಾಗಿದ್ದು ಆಲ್ಟಾದವಳಿಗೆ. ಇನ್ನು ಊರು. ರೊವಾನಿಯೆಮಿಗಿಂತ ಆ ಹೆಲ್ ಎಷ್ಟೋ ವಾಸಿ. ಸುಮ್ನೆ ಹೇಳುತ್ತಿಲ್ಲ, ಅದಕ್ಕೆ ಕಾರಣ ಇದೆ.

ಸಾಮಿಗಳು ಯಾರು ಅಂತ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ನಾರ್ವೆ, ಸ್ವೀಡನ್, ಫಿನ್‌ಲೆಂಡ್‌ಗಳ ಉತ್ತರ ಭಾಗ ಮತ್ತು ರಷ್ಯಾದ ಕೋಲಾ ಪರ್ಯಾಯ ದ್ವೀಪ, ಇಷ್ಟೂ ಸೇರಿದ ನೆಲವನ್ನು ಅವರು ಸಾಪ್ಮಿ ಅನ್ನುತ್ತಾರೆ. ಈ ದೇಶಗಳ ಗಡಿ ಎಳೆಯುವ ಮೊದಲೇ ಅಲ್ಲಿ ಇದ್ದವರು. ಒಟ್ಟು 80 ಸಾವಿರದಿಂದ 1 ಲಕ್ಷ ಜನ ಅಂತ ಅಂದಾಜು, ಅದರಲ್ಲಿ ನಾರ್ವೆಯಲ್ಲೇ ಎಲ್ಲಕ್ಕಿಂತ ಜಾಸ್ತಿ. ಇವತ್ತಿಗೂ ಉಳಿದಿರುವ ಸಾಮಿ ಭಾಷೆಗಳು ಒಂಬತ್ತು. ಉತ್ತರ ಸಾಮಿ ಮಾತಾಡುವವರು 20 ಸಾವಿರದ ಆಸುಪಾಸು ಇದ್ದಾರೆ, ಇನಾರಿ ಸಾಮಿಗೆ ಕೆಲವು ನೂರು ಜನ, ಉಮೆ ಸಾಮಿ, ಪಿಟೆ ಸಾಮಿಗಳಿಗೆ ಕೆಲವೇ ಡಜನ್. ಹಳೆಯ ಭೂಗೋಳದ ಪಾಠದಲ್ಲಿ "ಲ್ಯಾಪರು" ಅಂತ ಓದಿದ ನೆನಪಿದ್ದರೆ ಆ ಹೆಸರನ್ನು ಅಲ್ಲೇ ಬಿಟ್ಟುಬಿಡಿ. ಅವರಿಗೆ ಅದು ಬೈಗುಳ.

ಈಗ ಡಿಎನ್‌ಎಗೆ ಬರೋಣ. ಎಂಜಲು ತುಂಬಿ ಕಳಿಸಿದ ಟ್ಯೂಬಿನಿಂದ ಕಂಪನಿಯವರು ಏನು ಮಾಡುತ್ತಾರೆ? ನಿಮ್ಮ ಡಿಎನ್‌ಎಯನ್ನು ತುಂಡು ತುಂಡಾಗಿ ನೋಡಿ, ತಮ್ಮ ಸಂಗ್ರಹದಲ್ಲಿ ಇರುವವರ ಪೈಕಿ ಯಾರದನ್ನು ಅದು ಜಾಸ್ತಿ ಹೋಲುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಅಷ್ಟೇ ಕಥೆ. ಆ ಸಂಗ್ರಹದಲ್ಲಿ ಇರುವವರು ಇವತ್ತಿನ ಜನ, ಯಾರ ಮುತ್ತಜ್ಜಿಯೂ ಅಲ್ಲ. ಬ್ರಿಟನ್, ಐರ್ಲೆಂಡ್‌ನವರು ಅದರಲ್ಲಿ ದಂಡಿಯಾಗಿ ಇರುತ್ತಾರೆ, ಸಾಮಿಗಳು ತೀರಾ ಕಡಿಮೆ. ಕೆಲವು ಕಡೆ ಸಾಮಿ ಅನ್ನುವ ಹೆಸರೇ ಇರುವುದಿಲ್ಲ, ಫಿನ್‌ಲೆಂಡ್ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಹಾಗಾಗಿ ಒಂದೇ ಎಂಜಲಿಗೆ ಒಂದು ಕಂಪನಿ 4 ಅಂದರೆ ಇನ್ನೊಂದು ಸೊನ್ನೆ ಅನ್ನಬಹುದು, ಅದೇ ಕಂಪನಿ ಮುಂದಿನ ವರ್ಷ ತನ್ನ ಸಂಗ್ರಹ ಹಿಗ್ಗಿಸಿಕೊಂಡ ಮೇಲೆ ನಿಮ್ಮ ಗೆಳೆಯನ ಸಾಮಿತನವನ್ನು ರಾತ್ರೋರಾತ್ರಿ ವಾಪಸ್ ತೆಗೆದುಕೊಳ್ಳಲೂಬಹುದು!

ಮುತ್ತಜ್ಜಿಯ ಲೆಕ್ಕವೂ ಕೂಡುವುದಿಲ್ಲ. ಅಪ್ಪ ಅಮ್ಮನಿಂದ ಅರ್ಧರ್ಧ ಬರುತ್ತದೆ, ಅಜ್ಜ ಅಜ್ಜಿಯರಿಂದ ಸರಾಸರಿ ಕಾಲು ಭಾಗ, ಮುತ್ತಜ್ಜಿಯಿಂದ ಸುಮಾರು 12 ಪರ್ಸೆಂಟ್. ಮುತ್ತಜ್ಜಿ ಪೂರ್ತಿ ಸಾಮಿ ಆಗಿದ್ದರೆ 4 ಬಹಳ ಕಡಿಮೆಯಾಯಿತು. ಇನ್ನೂ ಒಂದೆರಡು ತಲೆಮಾರು ಹಿಂದಕ್ಕೆ ಹೋದರೆ ಒಬ್ಬೊಬ್ಬರ ಪಾಲು 6, ಆಮೇಲೆ 3 ಅಂತ ಇಳಿಯುತ್ತದೆ, 4 ಅಲ್ಲೆಲ್ಲೋ ಕೂರುತ್ತದೆ. ಇಲ್ಲವೇ ಮುತ್ತಜ್ಜಿಯೇ ಬೆರಕೆ ಮನೆಯವಳು. ಹತ್ತು ತಲೆಮಾರು ಹಿಂದೆ ಹೋದರೆ ಲೆಕ್ಕದ ಪ್ರಕಾರ 1,024 ಹಿರಿಯರು, ಅವರಲ್ಲಿ ಎಷ್ಟೋ ಜನರ ಡಿಎನ್‌ಎ ನಮ್ಮಲ್ಲಿ ಒಂದು ಚೂರೂ ಉಳಿದಿರುವುದಿಲ್ಲ. ಅಂದರೆ ಸಾಮಿ ಹಿರಿಯರು ನಿಜವಾಗಿ ಇದ್ದೂ ಟೆಸ್ಟಿನಲ್ಲಿ ಸೊನ್ನೆ ಬರಬಹುದು. ಇದನ್ನು ಯಾರೂ ತಮಾಷೆ ಮಾಡುವುದಿಲ್ಲ ನೋಡಿ, ಸೊನ್ನೆ ಬಂದವನು ಸ್ಕ್ರೀನ್‌ಶಾಟ್ ಹಾಕುವುದಿಲ್ಲ.

ಇನ್ನೊಂದು ತೊಡಕಿದೆ. ಸಾಮಿಗಳ ಡಿಎನ್‌ಎಯಲ್ಲಿ ಯುರೋಪಿನ ಹಳೆಯ ಬೇಟೆಗಾರರ ಪಾಲೂ ಇದೆ, ಸೈಬೀರಿಯಾ ಕಡೆಯ ಪಾಲೂ ಇದೆ. ಈ ಸೈಬೀರಿಯಾ ಪಾಲು ಕೋಲಾ ಕಡಲತೀರದ ಬೊಲ್ಶೊಯ್ ಒಲೆನಿ ದ್ವೀಪದಲ್ಲಿ ಸಿಕ್ಕ ಸುಮಾರು 3,500 ವರ್ಷ ಹಳೆಯ ಎಲುಬುಗಳಲ್ಲೇ ಕಾಣುತ್ತದೆ. ಆದರೆ ಅದು ಸಾಮಿಗಳದ್ದು ಮಾತ್ರ ಅಲ್ಲ, ಫಿನ್‌ಲೆಂಡಿನವರಲ್ಲೂ ಸ್ವಲ್ಪ ಕಡಿಮೆ ಪ್ರಮಾಣದಲ್ಲಿ ಇದೆ. ಪಶ್ಚಿಮ ಫಿನ್‌ಲೆಂಡಿನ ಲೆವನ್‌ಲುಹ್ತಾ ಅನ್ನುವ ಜಾಗದಲ್ಲಿ, ಅಂದರೆ ಇವತ್ತಿನ ಸಾಪ್ಮಿಗಿಂತ ಎಷ್ಟೋ ದಕ್ಷಿಣಕ್ಕೆ, ಕಬ್ಬಿಣ ಯುಗದ ಎಲುಬುಗಳನ್ನು ಪರೀಕ್ಷೆ ಮಾಡಿದಾಗ ಅವು ಇವತ್ತಿನ ಸಾಮಿಗಳಿಗೇ ಹತ್ತಿರ ಬಂದವು. ಹಾಗಾದರೆ ಎಷ್ಟೋ ಫಿನ್ ರೈತರ ಮನೆಯಲ್ಲಿ ಹಳೆಯ ಸಾಮಿ ಪಾಲು ಸೇರಿಹೋಗಿದೆ ಅಂತಾಯಿತು. ಮಿನ್ನೆಸೋಟ ಅಂದರೆ ಗಣಿ ಕೆಲಸಕ್ಕೆ ಬಂದ ಫಿನ್ನರ ಮೊಮ್ಮಕ್ಕಳು ತುಂಬಿರುವ ಜಾಗ. ನಿಮ್ಮ ಗೆಳೆಯನ 4 ಪರ್ಸೆಂಟ್ ಅಲ್ಲಿಂದ ಬಂದಿರುವ ಸಾಧ್ಯತೆ ನನಗೆ ಜಾಸ್ತಿ ಕಾಣುತ್ತದೆ. ತಾಯಿಯ ಸಾಲಿನಲ್ಲಿ ಮಾತ್ರ ಬರುವ ಡಿಎನ್‌ಎಯಲ್ಲಿ ಯು5ಬಿ ಅನ್ನುವ ಗುಂಪು ಸಾಮಿಗಳಲ್ಲಿ ತುಂಬಾ ಹೆಚ್ಚು, ಅದನ್ನು ಹಿಡಿದುಕೊಂಡು "ನಾನೂ ಸಾಮಿ" ಅನ್ನುವವರೂ ಇದ್ದಾರೆ. ಅದರ ಹತ್ತಿರದ ಕವಲು ಉತ್ತರ ಆಫ್ರಿಕಾದ ಬರ್ಬರ್ ಜನರಲ್ಲೂ ಸಿಕ್ಕಿದೆ. ಅವರು ಯಾರೂ ಹಿಮಸಾರಂಗ ಕೇಳಿಲ್ಲ.

ಇಷ್ಟು ಲೆಕ್ಕ ಯಾಕೆ ಹೇಳಿದೆ ಅಂದರೆ, ನಿಮ್ಮ ಗೆಳತಿ ಮೌನವಾಗಿದ್ದಕ್ಕೂ ಈ ಪರ್ಸೆಂಟ್ ಆಟಕ್ಕೂ ನೇರ ಸಂಬಂಧ ಇರಬಹುದು. ಸಾಮಿಗಳನ್ನು ಅಳೆದು ತೂಗಿ ಲೆಕ್ಕ ಹಾಕುವ ಕೆಲಸ ಈಗಿನದ್ದಲ್ಲ. ಸ್ವೀಡನ್ ಸರ್ಕಾರ 1922ರಲ್ಲಿ ಉಪ್ಸಾಲಾದಲ್ಲಿ ಜನಾಂಗ ಜೀವವಿಜ್ಞಾನಕ್ಕೆ ಅಂತಲೇ ಒಂದು ಸಂಸ್ಥೆ ತೆರೆಯಿತು. ಅದರ ಮುಖ್ಯಸ್ಥ ಹೆರ್ಮನ್ ಲುಂಡ್‌ಬೋರ್ಗ್ ಉತ್ತರಕ್ಕೆ ಹೋಗಿ ಸಾಮಿಗಳ ತಲೆ, ಮೂಗು, ಗಲ್ಲ ಅಳೆದ, ಮಕ್ಕಳು ದೊಡ್ಡವರು ಅನ್ನದೆ ಬೆತ್ತಲೆ ನಿಲ್ಲಿಸಿ ಫೋಟೊ ತೆಗೆಸಿದ. ಸ್ಮಶಾನಗಳನ್ನು ಅಗೆದು ತಲೆಬುರುಡೆಗಳನ್ನು ಮ್ಯೂಸಿಯಂಗಳಿಗೆ ಸಾಗಿಸಿದ್ದು ಅದಕ್ಕೂ ಮುಂಚಿನಿಂದ ನಡೆದಿತ್ತು. ಸ್ವೀಡನ್ನಿನ ಲಿಕ್ಸೆಲೆಯಲ್ಲಿ ಹೀಗೆ ಒಯ್ದಿದ್ದ 25 ಜನರ ಅವಶೇಷಗಳನ್ನು ವಾಪಸ್ ತಂದು ಮಣ್ಣು ಮಾಡಿದ್ದು 2019ರಲ್ಲಿ, ಮೊನ್ನೆ ಮೊನ್ನೆ.

ಆಲ್ಟಾ ಊರಿನದ್ದೇ ಒಂದು ಕಥೆ ಇದೆ. 1852ರಲ್ಲಿ ಉತ್ತರ ನಾರ್ವೆಯ ಕೌಟೊಕೈನೊದಲ್ಲಿ ಸಾಮಿಗಳು ದಂಗೆ ಎದ್ದರು, ಹೆಂಡದ ವ್ಯಾಪಾರಿ ಮತ್ತು ಊರಿನ ಪೊಲೀಸ್ ಅಧಿಕಾರಿ ಸತ್ತರು. ಅಸ್ಲಾಕ್ ಹೆಟ್ಟಾ, ಮೊನ್ಸ್ ಸೊಂಬಿ ಅನ್ನುವ ಇಬ್ಬರ ತಲೆಯನ್ನು 1854ರಲ್ಲಿ ಆಲ್ಟಾದಲ್ಲಿ ಕಡಿದರು. ದೇಹ ಅಲ್ಲೇ ಉಳಿಯಿತು, ತಲೆಗಳು ಅಧ್ಯಯನಕ್ಕೆ ಅಂತ ವಿಶ್ವವಿದ್ಯಾಲಯಕ್ಕೆ ಹೋದವು. ಮನೆಯವರು ಕೇಳಿ ಕೇಳಿ ಸುಸ್ತಾಗಿ ಕೊನೆಗೆ 1997ರಲ್ಲಿ ಆ ತಲೆಬುರುಡೆಗಳು ಆಲ್ಟಾ ಬಳಿ ಮಣ್ಣು ಕಂಡವು. ಇಂಥ ಊರಿನ ಹುಡುಗಿಯ ಎದುರು "ನಿನ್ನ ರಕ್ತ ಎಷ್ಟು ಪರ್ಸೆಂಟ್" ಅನ್ನುವ ಮಾತು ಬಂದಾಗ ಅವಳಿಗೆ ನಗು ಬರಲಿಲ್ಲ ಅಂದರೆ ಅದರಲ್ಲಿ ಆಶ್ಚರ್ಯ ಏನಿದೆ ಹೇಳಿ.

ಹಾಗಾದರೆ ಸಾಮಿ ಯಾರು ಅಂತ ಯಾರು ತೀರ್ಮಾನ ಮಾಡುತ್ತಾರೆ? ಕಾನೂನಿನಲ್ಲಿ ಪರ್ಸೆಂಟ್ ಅನ್ನೋದು ಎಲ್ಲೂ ಇಲ್ಲ. ನಾರ್ವೆಯಲ್ಲಿ ಸಾಮಿಗಳೇ ಆರಿಸುವ ಸಾಮಿ ಸಂಸತ್ತಿನ ಮತದಾರರ ಪಟ್ಟಿಗೆ ಸೇರಬೇಕಾದರೆ ಎರಡು ವಿಷಯ ನೋಡುತ್ತಾರೆ. ಮೊದಲನೆಯದು, ನಿಮ್ಮನ್ನು ನೀವು ಸಾಮಿ ಅಂದುಕೊಂಡಿರಬೇಕು. ಎರಡನೆಯದು, ನಿಮ್ಮ ಮನೆಮಾತು ಸಾಮಿ ಆಗಿರಬೇಕು, ಅಥವಾ ಅಪ್ಪ ಅಮ್ಮ, ಅಜ್ಜ ಅಜ್ಜಿ, ಮುತ್ತಜ್ಜ ಮುತ್ತಜ್ಜಿ ಇವರಲ್ಲಿ ಒಬ್ಬರದ್ದಾದರೂ ಆಗಿದ್ದಿರಬೇಕು, ಇಲ್ಲವೇ ಪಟ್ಟಿಯಲ್ಲಿ ಇರುವ ಅಥವಾ ಇದ್ದವರ ಮಗುವಾಗಿರಬೇಕು. ಸ್ವೀಡನ್‌ನಲ್ಲಿ ಭಾಷೆಯ ಲೆಕ್ಕ ಅಜ್ಜ ಅಜ್ಜಿಯವರೆಗೆ ಮಾತ್ರ. ಎಂಜಲಿನ ಟ್ಯೂಬ್ ತಗೊಂಡು ಹೋದರೆ ಯಾರೂ ಒಳಗೆ ಬಿಡುವುದಿಲ್ಲ. ಮುತ್ತಜ್ಜಿ ಮಗುವಿನ ಜೊತೆ ಯಾವ ಭಾಷೆ ಆಡುತ್ತಿದ್ದಳು ಅನ್ನೋದೇ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕರೂ ಮಿನ್ನೆಸೋಟದಲ್ಲಿ ಕೂತ ಅಮೆರಿಕದ ಪ್ರಜೆಗೆ ಓಟು ಬರುವುದಿಲ್ಲ, ಅದು ಬೇರೆ ಮಾತು.

ಇದೆಲ್ಲ ಸಲೀಸಾಗಿ ನಡೆಯುತ್ತಿದೆ ಅಂತಲೂ ಅಲ್ಲ. ಫಿನ್‌ಲೆಂಡಿನಲ್ಲಿ ಈ ವಿಷಯಕ್ಕೆ ವರ್ಷಾನುಗಟ್ಟಲೆ ಜಗಳ ಆಗಿದೆ. ಹಳೆಯ ತೆರಿಗೆ ದಾಖಲೆಯಲ್ಲಿ ನೂರಾರು ವರ್ಷದ ಹಿಂದೆ ಒಬ್ಬ ಸಾಮಿ ಹಿರಿಯನ ಹೆಸರಿದೆ, ಹಾಗಾಗಿ ನಾನೂ ಸಾಮಿ ಅಂತ ಅರ್ಜಿ ಹಾಕಿದವರನ್ನು ಸಾಮಿ ಸಂಸತ್ತು ತಿರಸ್ಕರಿಸಿತು, ಅಲ್ಲಿನ ಮೇಲಿನ ಕೋರ್ಟು ಕೆಲವರನ್ನು ಸೇರಿಸಿ ಅಂದಿತು. 2019ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಇದರಲ್ಲಿ ಫಿನ್‌ಲೆಂಡ್ ಸಾಮಿಗಳ ಹಕ್ಕಿಗೆ ಧಕ್ಕೆ ತಂದಿದೆ ಅಂತ ಹೇಳಿತು. ನಿಮ್ಮ ಗೆಳೆಯನ 4 ಪರ್ಸೆಂಟ್ ನಿಮಗೆ ಮೀಮ್, ಅಲ್ಲಿ ಅದು ರಾಜಕೀಯ. ಹೊರಗಿನವರು ದೊಡ್ಡ ಸಂಖ್ಯೆಯಲ್ಲಿ ಸೇರಿಕೊಂಡರೆ ನೆಲ, ನೀರು, ಶಾಲೆಗಳ ಬಗ್ಗೆ ತೀರ್ಮಾನ ಮಾಡುವವರೇ ಬದಲಾಗಿಬಿಡುತ್ತಾರೆ ಅನ್ನುವ ಭಯ ಅವರದು.

ಹಿಮಸಾರಂಗದ ಬಗ್ಗೆ ಕೇಳಿದ್ದೀರಲ್ಲ, ಅದನ್ನೂ ಮುಗಿಸಿಬಿಡೋಣ. ನಾರ್ವೆಯಲ್ಲಿ ಹಿಮಸಾರಂಗ ಸಾಕುವುದನ್ನೇ ಬದುಕು ಮಾಡಿಕೊಂಡವರು ಸಾಮಿಗಳಲ್ಲಿ ಹತ್ತಕ್ಕೆ ಒಬ್ಬರು ಇದ್ದಾರು. ಉಳಿದವರು ಮೀನು ಹಿಡಿಯುತ್ತಾರೆ, ಪಾಠ ಹೇಳುತ್ತಾರೆ, ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರೆ, ಆಸ್ಲೋದ ಅಪಾರ್ಟ್‌ಮೆಂಟಿನಲ್ಲಿ ಕೂತು ಕೋಡ್ ಬರೆಯುತ್ತಾರೆ. ನಾರ್ವೆಯ ಸಾಪ್ಮಿಯಲ್ಲೂ ಸ್ವೀಡನ್‌ನಲ್ಲೂ ಹಿಮಸಾರಂಗ ಸಾಕುವ ಹಕ್ಕು ಸಾಮಿಗಳಿಗೆ ಮಾತ್ರ ಅನ್ನುವುದು ಹೆಚ್ಚುಕಮ್ಮಿ ನಿಜ, ಆದರೆ ಎಲ್ಲ ಸಾಮಿಗಳಿಗೂ ಅಲ್ಲ, ಆ ಕಸುಬಿನ ಮನೆತನ, ಹಳ್ಳಿಕೂಟಗಳಿಗೆ ಸೇರಿದವರಿಗೆ. ಫಿನ್‌ಲೆಂಡಿನಲ್ಲಿ ಸಾಮಿ ಅಲ್ಲದವರೂ ಸಾಕಬಹುದು. ಒಂದು ಎಚ್ಚರಿಕೆ: ಅಲ್ಲಿಗೆ ಹೋದಾಗ ಯಾರನ್ನೂ "ನಿಮ್ಮ ಹತ್ತಿರ ಎಷ್ಟು ಹಿಮಸಾರಂಗ ಇದೆ" ಅಂತ ಕೇಳಬೇಡಿ. ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಅಂತ ಕೇಳಿದ ಹಾಗೆ. ಕೇಳಿದರೆ ನಗುತ್ತಾ "ಮರದ ಎರಡೂ ಕಡೆ ಇವೆ" ಅಂತ ಏನಾದರೂ ಹೇಳಿ ಜಾರಿಕೊಳ್ಳುತ್ತಾರೆ.

ಇಷ್ಟೆಲ್ಲ ಹೇಳಿ ಮಿನ್ನೆಸೋಟದವನನ್ನು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. ಮುತ್ತಜ್ಜಿ ನಿಜವಾಗಿಯೂ ಸಾಮಿ ಆಗಿದ್ದು, ಮನೆಯಲ್ಲಿ ಯಾರೂ ಬಾಯಿಬಿಡದೆ ಇದ್ದಿರಬಹುದು. ಅಂಥ ಮನೆಗಳು ಬೇಕಾದಷ್ಟಿವೆ. ಅಮೆರಿಕದಲ್ಲಿ ಅಷ್ಟೇ ಅಲ್ಲ, ನಾರ್ವೆಯಲ್ಲೇ.

ನಾರ್ವೆ ಸರ್ಕಾರ ಸುಮಾರು 1850ರಿಂದ ಶುರು ಮಾಡಿ ನೂರು ವರ್ಷಕ್ಕೂ ಮಿಕ್ಕಿ ಸಾಮಿಗಳನ್ನು ನಾರ್ವೇಜಿಯನ್ನರನ್ನಾಗಿ ಮಾಡುವ ನೀತಿ ನಡೆಸಿತು. 1898ರಲ್ಲಿ ಬಂದ ಆದೇಶದ ಪ್ರಕಾರ ಶಾಲೆಯಲ್ಲಿ ಸಾಮಿ ಭಾಷೆ ಬಳಸುವುದು ತೀರಾ ಬೇರೆ ದಾರಿಯೇ ಇಲ್ಲದಾಗ ಮಾತ್ರ. 1902ರ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ನಾರ್ವೆಯ ಉತ್ತರ ತುದಿಯ ಫಿನ್‌ಮಾರ್ಕ್‌ನಲ್ಲಿ ಸರ್ಕಾರಿ ಜಮೀನು ಕೊಳ್ಳಬೇಕಾದರೆ ನಾರ್ವೇಜಿಯನ್ ಭಾಷೆ ಓದಿ ಬರೆದು ದಿನಾ ಆಡುವವನಾಗಿರಬೇಕು. ಮಕ್ಕಳನ್ನು ಹಾಸ್ಟೆಲ್ ಶಾಲೆಗಳಿಗೆ ಸೇರಿಸಿದರು. ಅದರ ಮೇಲೆ ಯುದ್ಧ. 1944ರ ಕೊನೆಗೆ ಜರ್ಮನ್ ಸೈನ್ಯ ಹಿಂದೆ ಸರಿಯುವಾಗ ಫಿನ್‌ಮಾರ್ಕ್ ಮತ್ತು ಟ್ರಾಮ್ಸ್‌ನ ಉತ್ತರ ಭಾಗವನ್ನು ಊರೂರೇ ಸುಟ್ಟುಹಾಕಿತು. ಮನೆ, ದೋಣಿ, ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಗಾಕ್ತಿ ಅನ್ನುವ ಸಾಮಿ ಉಡುಪು ಎಲ್ಲ ಬೂದಿ. ಮತ್ತೆ ಕಟ್ಟಿದ ಮನೆಗಳು ಎಲ್ಲರವೂ ಒಂದೇ ಥರ, ಒಳಗಿನ ಮಾತೂ ನಾರ್ವೇಜಿಯನ್. ಕಡಲತೀರದ ಊರುಗಳಲ್ಲಿ 1930ರ ಜನಗಣತಿಯಲ್ಲಿ ಸಾಮಿ ಅಂತ ಬರೆಸಿದ್ದ ಮನೆಗಳೇ 1950ರಲ್ಲಿ ನಾರ್ವೇಜಿಯನ್ ಅಂತ ಬರೆಸಿದವು. ಜನ ಅವರೇ, ಊರೂ ಅದೇ.

ಹೀಗೆ ಬೆಳೆದ ಮಕ್ಕಳಿಗೆ ತಾವು ಸಾಮಿ ಅಂತ ಗೊತ್ತಾದದ್ದು ದೊಡ್ಡವರಾದ ಮೇಲೆ. ಉತ್ತರ ನಾರ್ವೆಯ ಕೋಫ್ಯೋರ್ಡ್ ಪುರಸಭೆಯ ಮಂದಾಲೆನ್ ಕಣಿವೆಯಲ್ಲಿ 1990ರ ಸುಮಾರಿಗೆ ಕೆಲವು ಹುಡುಗ ಹುಡುಗಿಯರು "ಅಜ್ಜಿ ಗುಟ್ಟಾಗಿ ಆಡುತ್ತಿದ್ದದ್ದು ಯಾವ ಭಾಷೆ" ಅಂತ ಕೆದಕಲು ಶುರು ಮಾಡಿದರು. 1991ರಿಂದ ಅಲ್ಲಿ ರಿದ್ದು ರಿದ್ದು ಅನ್ನುವ ಹಬ್ಬ ನಡೆಯುತ್ತಿದೆ. ಊರಿನವರೆಲ್ಲ ಚಪ್ಪಾಳೆ ತಟ್ಟಿದರು ಅಂದುಕೊಳ್ಳಬೇಡಿ. ಊರಿನ ಹೆಸರನ್ನು ಸಾಮಿ ಭಾಷೆಯಲ್ಲೂ ಬರೆದ ಬೋರ್ಡ್ ಹಾಕಿದಾಗ ಅದಕ್ಕೆ ಬಂದೂಕಿನಿಂದ ಗುಂಡು ಹೊಡೆದರು, ಮತ್ತೆ ಮತ್ತೆ ಹೊಡೆದರು. ಹೊಡೆದವರಲ್ಲಿ ಸ್ವಂತ ಅಜ್ಜಿಯೇ ಸಾಮಿ ಆಗಿದ್ದವರೂ ಇದ್ದಿರಬಹುದು ಅನ್ನೋದು ನನ್ನ ಅನುಮಾನ. ನಾಚಿಕೆ ಅಷ್ಟು ಆಳಕ್ಕೆ ಇಳಿದಿತ್ತು. ನಾರ್ವೆಯ ಸಾಮಿ ಮತದಾರರ ಪಟ್ಟಿಯಲ್ಲಿ 1989ರಲ್ಲಿ ಇದ್ದದ್ದು ಐದೂವರೆ ಸಾವಿರ ಹೆಸರು, 2021ಕ್ಕೆ 20 ಸಾವಿರ ದಾಟಿತು. ಅಷ್ಟು ಮಕ್ಕಳು ಹುಟ್ಟಿದ್ದಲ್ಲ, ಮುಚ್ಚಿಟ್ಟವರು ಹೊರಗೆ ಬಂದದ್ದು. ನಾರ್ವೆ ಸಂಸತ್ತು ನೇಮಿಸಿದ ಸತ್ಯಶೋಧನೆ ಆಯೋಗ 2023ರ ಜೂನ್‌ನಲ್ಲಿ ವರದಿ ಕೊಟ್ಟಿತು, 2024ರ ನವೆಂಬರ್‌ನಲ್ಲಿ ಆ ಸಂಸತ್ತೇ ಕ್ಷಮೆ ಕೇಳಿತು.

ಹಡಗು ಹತ್ತಿ ಅಮೆರಿಕಕ್ಕೆ ಹೋದವರಿಗಂತೂ ಇದನ್ನು ಕಡಲಿಗೆ ಎಸೆಯುವುದು ಇನ್ನೂ ಸುಲಭ ಇತ್ತು. ಆ ಕಡೆ ಇಳಿದಾಗ ನಾರ್ವೇಜಿಯನ್ ಅಂದರಾಯಿತು, ಫಿನ್ ಅಂದರಾಯಿತು, ಯಾರು ಕೇಳುತ್ತಾರೆ. ಸಾಮಿಗಳಾಗಿಯೇ ಹೋದವರೂ ಇದ್ದಾರೆ. 1890ರ ದಶಕದಲ್ಲಿ ಅಮೆರಿಕ ಸರ್ಕಾರ ಅಲಾಸ್ಕಾದ ಜನರಿಗೆ ಹಿಮಸಾರಂಗ ಸಾಕುವುದನ್ನು ಕಲಿಸಲು ಸಾಮಿಗಳನ್ನು ಕರೆಸಿತು, 1898ರಲ್ಲಿ ಒಂದೇ ಹಡಗಿನಲ್ಲಿ ನೂರಕ್ಕೂ ಮೇಲ್ಪಟ್ಟು ಜನ ಮತ್ತು ಐನೂರಕ್ಕೂ ಹೆಚ್ಚು ಹಿಮಸಾರಂಗ ಅಟ್ಲಾಂಟಿಕ್ ದಾಟಿದವು.

ಹಾಗಾಗಿ ಅವನಿಗೆ ನಿಜವಾಗಿ ತಿಳಿಯಬೇಕೆಂದಿದ್ದರೆ ಟೆಸ್ಟಿನ ವೆಬ್‌ಸೈಟ್ ಮುಚ್ಚಿ ದಾಖಲೆ ಹುಡುಕಲಿ. ನಾರ್ವೆಯ ರಾಷ್ಟ್ರೀಯ ದಾಖಲೆ ಕಚೇರಿಯ ಡಿಜಿಟಲ್‌ಆರ್ಕಿವೆಟ್‌ನಲ್ಲಿ ಹಳೆಯ ಜನಗಣತಿಗಳು, ಚರ್ಚಿನ ನೋಂದಣಿ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. 1865 ಮತ್ತು 1875ರ ಗಣತಿಗಳಲ್ಲಿ ಉತ್ತರದ ಮನೆಗಳ ಜನಾಂಗವನ್ನೂ ಬರೆದಿದ್ದಾರೆ. ಅಲ್ಲಿ "ಫಿನ್" ಅಂತ ಕಂಡರೆ ಫಿನ್‌ಲೆಂಡಿನವರು ಅಂತ ಓದಿಕೊಳ್ಳಬಾರದು, ಆ ಕಾಲದ ನಾರ್ವೆ ದಾಖಲೆಯಲ್ಲಿ ಅದು ಸಾಮಿ. ಫಿನ್‌ಲೆಂಡ್ ಕಡೆಯಿಂದ ಬಂದು ನೆಲೆಸಿದವರನ್ನು "ಕ್ವೆನ್" ಅಂತ ಬರೆಯುತ್ತಿದ್ದರು. ಇದು ಗೊತ್ತಿಲ್ಲದೆ ಎಷ್ಟೋ ಅಮೆರಿಕನ್ನರ ವಂಶವೃಕ್ಷ ತಪ್ಪು ದೇಶಕ್ಕೆ ಹೋಗಿ ಕೂತಿದೆ. ಮುತ್ತಜ್ಜಿ ಹುಟ್ಟಿದ ಊರು, ಅಪ್ಪನ ಹೆಸರು, ಇಷ್ಟು ಸಿಕ್ಕರೆ ಒಂದು ಭಾನುವಾರದ ಕೆಲಸ. ಸಿಕ್ಕ ಮೇಲೆ "ನಾನು ಸಾಮಿ" ಅನ್ನುವುದಕ್ಕಿಂತ "ನಮ್ಮ ಮುತ್ತಜ್ಜಿ ಇಂಥ ಊರಿನ ಸಾಮಿ" ಅಂದರೆ ಕೇಳುವವರಿಗೂ ಹಿತ, ಅಲ್ವಾ? ಊರಿನ ಹೆಸರು ಹೇಳಿದರೆ ಅಲ್ಲಿನವರು ತಕ್ಷಣ ಯಾರ ಮನೆ ಅಂತ ಕೇಳುತ್ತಾರೆ. ಅಲ್ಲಿಂದ ಮುಂದಿನ ಮಾತು ತಾನಾಗಿಯೇ ನಡೆಯುತ್ತದೆ.

ಟೆಸ್ಟ್ ಮಾಡಿಸುವ ಆಸೆ ನಿಮಗೂ ಬಂದಿದ್ದರೆ ಒಂದು ವಿಷಯ ನೆನಪಿರಲಿ. 2023ರಲ್ಲಿ 23ಆ್ಯಂಡ್‌ಮಿ ಕಂಪನಿಯ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಕಳುವಾಯಿತು, 2025ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಪಾಸ್‌ವರ್ಡ್ ಬದಲಾಯಿಸಬಹುದು, ಡಿಎನ್‌ಎ ಬದಲಾಯಿಸಲು ಬರುವುದಿಲ್ಲ.

ಇನ್ನು ತಮಾಷೆ. ಸಾಮಿಗಳಿಗೆ ಹಾಸ್ಯ ಬರುವುದಿಲ್ಲ ಅಂತಲ್ಲ, ಅವರು ತಮ್ಮನ್ನೇ ಹಾಸ್ಯ ಮಾಡಿಕೊಳ್ಳುವುದನ್ನು ಕೇಳಿದರೆ ನೀವು ಹೊಟ್ಟೆ ಹಿಡಿದುಕೊಳ್ಳುತ್ತೀರಿ. ತೊಂದರೆ ಇರುವುದು ಟೋಪಿ, ಟೆಂಟು, ಹಿಮಸಾರಂಗದ ತಮಾಷೆಯಲ್ಲಿ. ಅವನ್ನು ನಿಮ್ಮ ಗೆಳತಿ ಮೊದಲ ಸಲ ಕೇಳುತ್ತಿಲ್ಲ. ಫಿನ್‌ಲೆಂಡಿನ ಟಿವಿಯಲ್ಲಿ 1980ರ ದಶಕದಲ್ಲಿ ಇಬ್ಬರು ನಟರು ಸಾಮಿ ಉಡುಪು ತೊಟ್ಟು ಹಲ್ಲುದುರಿದ, ಕುಡುಕ, ಕೊಳಕ ಸಾಮಿಗಳ ವೇಷ ಹಾಕಿ ಜನರನ್ನು ನಗಿಸಿದರು. ಅವರು ಹಾಡುತ್ತಿದ್ದ ರಾಗವನ್ನು ಹಿಡಿದು ಶಾಲೆಯಲ್ಲಿ ಸಾಮಿ ಮಕ್ಕಳನ್ನು ಒಂದು ಇಡೀ ತಲೆಮಾರು ಕಾಡಿಸಿತು. ಇಬ್ಬರಲ್ಲಿ ಒಬ್ಬರಾದ ಪಿರ್ಕ್ಕಾ-ಪೆಕ್ಕಾ ಪೆಟೆಲಿಯುಸ್ 2019ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ನಾರ್ವೆಯ ಟ್ರಾಮ್ಸೊ ನಗರದಲ್ಲಿ 2011ರಲ್ಲಿ ಸಾಮಿ ಭಾಷೆಗೆ ಅಧಿಕೃತ ಸ್ಥಾನ ಕೊಡುವ ಮಾತು ಬಂದಾಗ ಎದ್ದ ಗಲಾಟೆಯಲ್ಲಿ ಬೀದಿಯಲ್ಲಿ, ಬಸ್ಸಿನಲ್ಲಿ ಸಾಮಿಗಳು ಬೈಸಿಕೊಂಡರು. ನಿಮ್ಮ ಗುಂಪಿನವರ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ, ನನಗೆ ಗೊತ್ತು. ಆದರೆ ಅವಳಿಗೆ ಕೇಳಿಸಿದ ದನಿ ಹಳೆಯದು.

ನಿಮ್ಮ ಶಬರಿಮಲೆ ಜೋಕಿಗೆ ನಾನು ನಕ್ಕೆ, ಸುಳ್ಳು ಹೇಳುವುದಿಲ್ಲ. ಅದು ಸಾಮಿಗಳ ಮೇಲಲ್ಲ, ನಮ್ಮ ಕಿವಿಯ ಮೇಲೆ ಮಾಡಿದ ಜೋಕು. ಈ ವ್ಯತ್ಯಾಸ ಇಟ್ಟುಕೊಳ್ಳಿ. 4 ಪರ್ಸೆಂಟ್ ಬಂದ ಕೂಡಲೇ ಡ್ರಮ್ ಬಾರಿಸಲು ಹೊರಟ ಗೆಳೆಯನನ್ನು ಎಷ್ಟು ಬೇಕಾದರೂ ಆಡಿಕೊಳ್ಳಿ, ಅವನು ಅದಕ್ಕೆ ಅರ್ಹ. ಗೆಳತಿಗೆ ಗುಂಪಿನಲ್ಲಿ ಎಲ್ಲರ ಎದುರು ದೊಡ್ಡ ಕ್ಷಮಾಪಣೆ ಪತ್ರ ಬರೆಯಬೇಡಿ. ಅದರಿಂದ ಅವಳೇ ಎಲ್ಲರನ್ನೂ ಸಮಾಧಾನ ಮಾಡುವ ಹಾಗೆ ಆಗುತ್ತದೆ. ಅವಳೊಬ್ಬಳಿಗೇ ಎರಡು ಸಾಲು ಬರೆಯಿರಿ: ಗೊತ್ತಿರಲಿಲ್ಲ, ಬೇಜಾರಾಗಿದ್ದರೆ ಸಾರಿ, ಆ ತಮಾಷೆ ಇನ್ನು ಇರುವುದಿಲ್ಲ. "ನಮಗೆ ಸಾಮಿಗಳ ಬಗ್ಗೆ ಹೇಳಿಕೊಡು" ಅಂತ ಮಾತ್ರ ಕೇಳಬೇಡಿ. ಹೇಳಬೇಕು ಅನ್ನಿಸಿದರೆ ಅವಳೇ ಹೇಳುತ್ತಾಳೆ.

ಕೊನೆಗೆ ಪ್ರವಾಸ. ರೊವಾನಿಯೆಮಿ ಕೆಟ್ಟ ಊರೇನಲ್ಲ. ಯುದ್ಧದಲ್ಲಿ ಸುಟ್ಟುಹೋಗಿ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ಯೋಜನೆಯಂತೆ ಮತ್ತೆ ಎದ್ದದ್ದು, 1950ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿಯಾಗಿದ್ದ ಎಲಿನರ್ ರೂಸ್‌ವೆಲ್ಟ್ ಬಂದರು ಅಂತ ಆರ್ಕ್ಟಿಕ್ ವೃತ್ತದ ಗೆರೆಯ ಮೇಲೆ ಒಂದು ಮರದ ಮನೆ ಕಟ್ಟಿದರು, ಅಲ್ಲೇ ಇವತ್ತು ಸಾಂಟಾ ಹಳ್ಳಿ. ಆದರೆ ಫಿನ್‌ಲೆಂಡ್ ಕಾನೂನು ಹೇಳುವ ಸಾಮಿ ನೆಲದೊಳಗೆ ಅದು ಇಲ್ಲವೇ ಇಲ್ಲ, ಆ ನೆಲ ಇನ್ನೂ ಉತ್ತರಕ್ಕೆ ಶುರುವಾಗುತ್ತದೆ. ಪ್ರವಾಸಿಗರಿಗೆ ಅಂತ ಸಾಮಿ ಹೆಸರಲ್ಲಿ ತೋರಿಸುವ ಹಸ್ಕಿ ನಾಯಿಯ ಗಾಡಿ, ಇಗ್ಲೂ ಎರಡೂ ಸಾಮಿಗಳದ್ದಲ್ಲ. ಗಾಕ್ತಿ ಥರ ಕಾಣುವ ಬಟ್ಟೆ ಹಾಕಿಕೊಂಡು "ಶಾಮನ್ (ಮಂತ್ರವಾದಿ) ದೀಕ್ಷೆ" ಕೊಡುವವರು ಸಾಮಿ ಅಲ್ಲದೆ ಇರುವುದೇ ಹೆಚ್ಚು. ಇದಕ್ಕೆ ರೋಸಿಹೋಗಿಯೇ ಫಿನ್‌ಲೆಂಡಿನ ಸಾಮಿ ಸಂಸತ್ತು 2018ರಲ್ಲಿ ಪ್ರವಾಸೋದ್ಯಮಕ್ಕೆ ನೀತಿ ಸೂತ್ರ ತಂದಿತು. ರೊವಾನಿಯೆಮಿಯಲ್ಲಿ ಇಳಿದರೂ ಬಸ್ಸು ಹಿಡಿದು 300 ಕಿ.ಮೀ.ಗೂ ಹೆಚ್ಚು ಉತ್ತರಕ್ಕೆ ಇನಾರಿಗೆ ಹೋಗಿ. ಅಲ್ಲಿನ ಸಿಯಿದಾ ಸಾಮಿ ಮ್ಯೂಸಿಯಂಗೆ 2024ರಲ್ಲಿ ಯುರೋಪಿನ ವರ್ಷದ ಮ್ಯೂಸಿಯಂ ಪ್ರಶಸ್ತಿ ಬಂದಿದೆ, ಅರ್ಧ ದಿನ ಸಾಲುವುದಿಲ್ಲ. ಫೆಬ್ರವರಿಯಲ್ಲಿ ಹೋಗುವ ಧೈರ್ಯ ಇದ್ದರೆ ಸ್ವೀಡನ್ನಿನ ಯೋಕ್‌ಮೋಕ್ ಸಂತೆ. 1605ರಿಂದ ನಡೆಯುತ್ತಿದೆ, ತಿಂಗಳ ಮೊದಲ ಗುರುವಾರ ಶುರು, ಮೂರು ದಿನ. ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗಬಹುದು, ದಾವಣಗೆರೆಯ ಸ್ವೆಟರ್ ಅಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ. ಬೇಸಿಗೆಯಾದರೆ ಮೇಲೆ ಹೇಳಿದ ರಿದ್ದು ರಿದ್ದು, ಜುಲೈನಲ್ಲಿ.

ನನ್ನ ಓಟು ಮಾತ್ರ ಹೆಲ್‌ಗೆ. ಟ್ರಾಂಡ್‌ಹೈಮ್ ನಗರದ ವಿಮಾನ ನಿಲ್ದಾಣದ ಪಕ್ಕದ ಪುಟ್ಟ ಊರು ಅದು. ಸ್ಟೇಷನ್ ಬೋರ್ಡಿನ ಮುಂದೆ ಫೋಟೊ ತೆಗೆಸಿಕೊಂಡರೆ ಮುಗಿಯಿತು, ಐದು ನಿಮಿಷದ ಕೆಲಸ. ಆದರೆ ನಿಮ್ಮ ಗುಂಪಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ ನೀವು ತಮಾಷೆಗೆ ಆರಿಸಿದ ಆ ಜಾಗ ದಕ್ಷಿಣ ಸಾಮಿಗಳ ನಾಡಿನಲ್ಲೇ ಇದೆ. ಗಡಿಗಳ ಆಚೀಚೆಯ ಸಾಮಿಗಳು ಮೊದಲ ಸಲ ಒಟ್ಟು ಸೇರಿ ಸಮ್ಮೇಳನ ನಡೆಸಿದ್ದು ಟ್ರಾಂಡ್‌ಹೈಮ್‌ನಲ್ಲಿ, 1917ರ ಫೆಬ್ರವರಿ 6ರಂದು, ಎಲ್ಸಾ ಲೌಲಾ ರೆನ್‌ಬೆರ್ಗ್ ಅನ್ನುವ ಹೆಣ್ಣುಮಗಳ ಮುಂದಾಳತ್ವದಲ್ಲಿ. ಆ ದಿನವೇ ಇವತ್ತು ಸಾಮಿ ರಾಷ್ಟ್ರೀಯ ದಿನ. ಹತ್ತಿರದ ಫೋಸೆನ್‌ನಲ್ಲಿ ಹಿಮಸಾರಂಗ ಮೇಯುವ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟದ್ದು ಸಾಮಿಗಳ ಹಕ್ಕಿಗೆ ವಿರುದ್ಧ ಅಂತ ನಾರ್ವೆ ಸುಪ್ರೀಂ ಕೋರ್ಟು 2021ರಲ್ಲಿ ತೀರ್ಪು ಕೊಟ್ಟಿತು. ಯಂತ್ರಗಳು ತಿರುಗುತ್ತಲೇ ಇದ್ದವು, 2023ರಲ್ಲಿ ಯುವಕ ಯುವತಿಯರು ಆಸ್ಲೋದ ಸಚಿವಾಲಯದ ಬಾಗಿಲಲ್ಲಿ ಕೂತರು. ಟ್ರಾಂಡ್‌ಹೈಮ್‌ನಿಂದ ಬೂಡೊ ಊರಿಗೆ ಹೋಗುವ 729 ಕಿ.ಮೀ. ರೈಲು ಹೆಲ್ ದಾಟಿ ಸ್ನೋಸಾ ಅನ್ನುವ ಊರಿಗೆ ಬರುತ್ತದೆ, ಅಲ್ಲಿ ದಕ್ಷಿಣ ಸಾಮಿಗಳ ಸಾಮಿಯೆನ್ ಸೀಯ್ಟೆ ಮ್ಯೂಸಿಯಂ ಇದೆ. ಒಂದು ರಾತ್ರಿ ಅಲ್ಲಿ ಇಳಿದು, ಮಾರನೇ ದಿನ ಅದೇ ದಾರಿಯಲ್ಲಿ ಆರ್ಕ್ಟಿಕ್ ವೃತ್ತ ದಾಟಿ ಬೂಡೊ ಸೇರಬಹುದು. ಗೆಳತಿ ತಾನಾಗಿ ಕರೆದರೆ ಅಲ್ಲಿಂದ ಆಲ್ಟಾಗೆ ಮುಂದುವರಿಯಿರಿ, ಸಾವಿರಾರು ವರ್ಷ ಹಳೆಯ ಬಂಡೆ ಚಿತ್ರಗಳಿವೆ, ಯುನೆಸ್ಕೊ ಪಟ್ಟಿಯಲ್ಲಿರುವ ಜಾಗ. ಕರೆಯದಿದ್ದರೆ ಬೇಡ.

ಇನ್ನು ವೀಸಾ. ಮಿನ್ನೆಸೋಟದವನಿಗೆ ಅಮೆರಿಕದ ಪಾಸ್‌ಪೋರ್ಟ್ ಇರುವುದರಿಂದ ಸಣ್ಣ ಪ್ರವಾಸಕ್ಕೆ ಅದು ಬೇಡ. ಬೇಕಾಗಿರುವುದು ನಿಮಗೆ. ಮೂರೂ ದೇಶಕ್ಕೆ ಒಂದೇ ಷೆಂಗೆನ್ ವೀಸಾ ಸಾಕು, ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಕಳೆಯುತ್ತೀರೋ ಅದಕ್ಕೆ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲೇ ಕೊಡಬಹುದು, ಹೊರಡುವ ದಿನಕ್ಕೆ ಆರು ತಿಂಗಳು ಮೊದಲಿನಿಂದ ತೆಗೆದುಕೊಳ್ಳುತ್ತಾರೆ. ಗುಂಪಿನಲ್ಲಿ ಊರಿನ ಓಟು ಮುಗಿಯುವವರೆಗೆ ಕಾಯಬೇಡಿ, ತಾರೀಕು ಗೊತ್ತಾದ ಕೂಡಲೇ ಅಪಾಯಿಂಟ್‌ಮೆಂಟ್ ಹಿಡಿದುಕೊಳ್ಳಿ.